ನೇರಳೆಯತ್ತ ಸರಿದ ಗೆರೆ

ಕಂತು ಹನ್ನೊಂದು

"ಈ ಗಂಟು ನಾನೇ ಕಲಿಸಿದ್ದು," ಎಂದರು ದೋರ್ತೆ ಗ್ರಾಂಬೋವ್. "ಒಂದಿದ್ದರೆ ಹಗುರ, ಎರಡಿದ್ದರೆ ಭಾರ. ಬಲೆ ಹೆಣೆಯೋರ ಮನೇಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಇದು ಬರತ್ತೆ. ಕತ್ತಲಲ್ಲಿ ಹಗ್ಗ ಮುಟ್ಟಿ ನೋಡಿಯೇ ಯಾವ ಬಲೆ ಅಂತ ಹೇಳಬೇಕು. ಸಮುದ್ರದ ಮೇಲೆ ದೀಪ ಹಿಡಿಯೋಕೆ ಯಾರಿಗೆ ಪುರಸೊತ್ತಿರತ್ತೆ?"

ಕಮಿಸಾರ್ ಕಾರ್ಸ್ಟೆನ್ ಡ್ರೆವ್ಸ್ ಅಂಗೈಯಲ್ಲಿದ್ದ ಎರಡು ಉಣ್ಣೆ ದಾರಗಳನ್ನು ಮತ್ತೊಮ್ಮೆ ನೋಡಿದರು. ನೀಲಿಯದಕ್ಕೆ ಒಂದು ಗಂಟು. ಹಸಿರಿನದಕ್ಕೆ ಎರಡು. ಎರಡನ್ನೂ ಅವರು ನಿನ್ನೆ ಭೌತಶಾಸ್ತ್ರ ಶಾಲೆಯ ನೆಲಮಾಳಿಗೆಯಲ್ಲಿ, ಗ್ಯಾಸ್ ಸಿಲಿಂಡರುಗಳ ಕುತ್ತಿಗೆಯಿಂದ ಬಿಚ್ಚಿ ತಂದಿದ್ದರು.

"ದಾರವೂ ನಿಮ್ಮದೇನಾ ತಾಯೀ?"

"ನನ್ನದೇ. ಅವನಿಗೆ ಕಾಲುಚೀಲ ಹೆಣೆದು ಉಳಿದದ್ದು. ನೀಲಿ ಹೀಲಿಯಂಗೆ, ಹಸಿರು ಆರ್ಗಾನ್‌ಗೆ ಅಂತ ಹೇಳಿದ್ದ. 'ಬಣ್ಣ ಬೇರೆಯವರಿಗೆ ಅಮ್ಮಾ, ಗಂಟು ನನಗೆ' ಅಂತ ನಗೋನು."

ಆಕೆ ಕಪ್ಪು ಶಾಲನ್ನು ಬಿಗಿಯಾಗಿ ಎಳೆದುಕೊಂಡರು. ಆ ನೆಲಮಾಳಿಗೆಯಲ್ಲೇ ಹತ್ತು ದಿನದ ಹಿಂದೆ, ಅಲ್ಲಿ ಸಂಶೋಧನೆ ಮಾಡುತ್ತಿದ್ದ ಆಕೆಯ ಒಬ್ಬನೇ ಮಗ ಎನ್ನೋ ಸತ್ತು ಬಿದ್ದಿದ್ದ. ಬರ್ನರಿಗೆ ಬರುವ ವಿಷದ ಗ್ಯಾಸಿನ ನಲ್ಲಿ ತೆರೆದಿತ್ತು. ಬಾಗಿಲು ಮುಚ್ಚಿತ್ತು. ವರದಿಯಲ್ಲಿ ಒಂದೇ ಸಾಲು ಬರೆದಿದ್ದರು: ತಾನೇ ಪ್ರಾಣ ಕಳೆದುಕೊಂಡಿದ್ದಾನೆ.

"ರೊಟ್ಟಿಗೆ ಹೊಗೆ ಹಿಡಿಸಿದ ಮೀನು ಇಟ್ಟು ಕಟ್ಟಿಕೊಟ್ಟಿದ್ದೆ," ಎಂದರು ದೋರ್ತೆ. "ಸಂಜೆ ಏಳೂವರೆ ಆಯಿತು ಅಂದರೆ ಬಿಚ್ಚೋನು, ಒಂದು ನಿಮಿಷ ತಡೀತಿರಲಿಲ್ಲ. ನೀವು ತಂದುಕೊಟ್ಟ ಪೊಟ್ಟಣಕ್ಕೆ ನಾನು ಹಾಕಿದ ಗಂಟು ಹಾಗೇ ಇತ್ತು."

ಡ್ರೆವ್ಸರಿಗೂ ಆ ಪೊಟ್ಟಣ ಹತ್ತು ದಿನದಿಂದ ಕಣ್ಣಿಗೆ ಕಟ್ಟಿದ ಹಾಗೇ ಇತ್ತು.

"ಬೇಲಿ ಪಕ್ಕ ಹೂತರು ಕಮಿಸಾರರೇ. ಗಂಟೆ ಬಾರಿಸಲಿಲ್ಲ. ಇವತ್ತು ಸತ್ತವರ ಭಾನುವಾರ. ಈ ವರ್ಷ ಹೋದವರ ಹೆಸರೆಲ್ಲ ಓದ್ತಾರೆ. ತಾನೇ ಸತ್ತವನು ಅಂತ ನನ್ನ ಮಗನದು ಓದೋದಿಲ್ಲವಂತೆ. ಹೆಸರು ಕೂಗದೆ ಹೋದರೆ, ಅವನನ್ನ ಹೆತ್ತೇ ಇರಲಿಲ್ಲ ಅಂದ ಹಾಗಾಯಿತಲ್ಲ."

"ಪಾದ್ರಿಗಳು ನಿನ್ನೆ ಮಾತು ಕೊಟ್ಟಿದ್ದಾರೆ. ಕೊನೆಯ ಹೆಸರು ಮುಗಿಯೋದರೊಳಗೆ ಅವನು ತಾನೇ ಸತ್ತದ್ದಲ್ಲ ಅಂತ ಪೊಲೀಸರ ಕಾಗದ ಬಂದರೆ ಓದಿಸ್ತಾರೆ."

"ಪಟ್ಟಿ ಇರೋದು ಓಸ್ಟರ್‌ಲೋ ಅವರ ಕೈಯಲ್ಲಿ."

ಅದು ನಿಜ. ಪ್ರೊಫೆಸರ್ ಓಸ್ಟರ್‌ಲೋ ಭೌತಶಾಸ್ತ್ರ ಶಾಲೆಯ ಮುಖ್ಯಸ್ಥರು, ಚರ್ಚಿನ ಹಿರಿಯರು. ಸತ್ತವರ ಹೆಸರು ಓದುವ ಹಕ್ಕು ಈ ಊರಿನಲ್ಲಿ ಪಾದ್ರಿಗಲ್ಲ, ಹಿರಿಯರಿಗೆ. ಎನ್ನೋ ಸತ್ತ ಗುರುವಾರವೇ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಅವರು ಪಾದ್ರಿಯ ಜೊತೆ ಕೂತು ಈ ಪಟ್ಟಿ ಬರೆದಿದ್ದರು. ಮರುದಿನ ಸುದ್ದಿ ತಿಳಿದಾಗ, ದೋರ್ತೆಯ ಮನೆಗೆ ಚಳಿಗಾಲಕ್ಕೆಂದು ಎರಡು ಮೂಟೆ ಇದ್ದಿಲು ಕಳಿಸಿದರು. ಹೆಸರು ಮಾತ್ರ ಸೇರಿಸಲಿಲ್ಲ. ನಿಯಮ ನಿಯಮವೇ ಎಂದರು.

"ನಿಮ್ಮ ಮನೆಯವರದೂ ಇದೆಯಲ್ಲ ಇವತ್ತು?" ಎಂದರು ದೋರ್ತೆ.

"ಇದೆ. ಒಂಬತ್ತನೆಯದು." ಅವರ ಹೆಂಡತಿ ಮೆಟಾ ಏಪ್ರಿಲ್‌ನಲ್ಲಿ ಹೋಗಿದ್ದಳು. ಸತ್ತ ದಿನಾಂಕದ ಕ್ರಮದಲ್ಲಿ ಓದುತ್ತಾರೆ.

"ಹಾಗಾದರೆ ತಡ ಮಾಡಬೇಡಿ. ಹೆಸರು ಕೂಗಿದಾಗ ಮನೆಯವರು ಯಾರಾದರೂ ಎದ್ದು ನಿಲ್ಲಬೇಕು."

ಭೌತಶಾಸ್ತ್ರ ಶಾಲೆಯ ಬಾಗಿಲು ತೆರೆದವನು ಮೇಸ್ತ್ರಿ ಯೋಖಿಮ್ ಪಾಗೆಲ್. ಮೂವತ್ತೊಂದು ವರ್ಷದಿಂದ ಇಲ್ಲಿನ ಕೊಳವೆ, ತಿರುಪು, ಕುಲುಮೆ ಎಲ್ಲವನ್ನೂ ಮಾಡುತ್ತಿದ್ದವನು ಅವನೇ. ಚರ್ಚಿಗೆ ಹೊರಟ ಕಪ್ಪು ಕೋಟು ಹಾಕಿದ್ದ. ಕೈಯಲ್ಲಿ ಟೋಪಿ ತಿರುಗುತ್ತಿತ್ತು.

"ಭಾನುವಾರ ಪೊಲೀಸರಿಗೆ ದೇವರಿಲ್ಲವಾ ಕಮಿಸಾರರೇ?"

"ಇದ್ದಾನೆ. ನನಗಿಂತ ಮೊದಲು ಎದ್ದಿರ್ತಾನೆ."

ಪಾಗೆಲ್ ನಗಲಿಲ್ಲ. ಡ್ರೆವ್ಸರ ಕಂಕುಳಲ್ಲಿದ್ದ ತೆಳು ಪೆಟ್ಟಿಗೆಯನ್ನೇ ನೋಡುತ್ತಿದ್ದ. "ಆ ರಾತ್ರಿ ಕೆಳಗೆ ಉಳಿದಿದ್ದ ಎನ್ನೋನ ಫೋಟೋ ಪ್ಲೇಟು ತೊಳೆಸಿದರಂತೆ?"

"ನಿನ್ನೆ. ನಮ್ಮ ಫೋಟೋದವನ ಹತ್ತಿರ."

"ಏನಾದರೂ ಕಾಣಿಸ್ತಾ?"

"ಗೆರೆಗಳು ಕಾಣಿಸಿದವು. ಓದೋಕೆ ನನಗೆ ಬರಬೇಕಲ್ಲ ಪಾಗೆಲ್."

ಪಾಗೆಲ್ ಇನ್ನೇನೋ ಹೇಳುವವನಿದ್ದ. ಒಳಗಿನಿಂದ ಹೆಜ್ಜೆ ಸಪ್ಪಳ ಕೇಳಿತು. ಟೋಪಿ ಹಾಕಿಕೊಂಡು ಹೊರಟುಬಿಟ್ಟ.

ಬಂದವನು ಡಾಕ್ಟರ್ ಫೋಲ್ಕ್‌ಮಾರ್ ಥೆಸ್ಸಿನ್, ಎನ್ನೋನ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಉಪಾಧ್ಯಾಯ. ಮೂವತ್ತನಾಲ್ಕು ವರ್ಷದ ಬಡಕಲು ಮನುಷ್ಯ. ಜೇಬಿನಲ್ಲಿ ಚರ್ಚಿನ ಹಾಡಿನ ಹಾಳೆಗಳು ಇಣುಕುತ್ತಿದ್ದವು.

"ಊರಲ್ಲಿ ಕಳ್ಳರು ಮುಗಿದರಾ? ಬೆಳಕಿನ ಪಾಠಕ್ಕೆ ಬಂದಿದ್ದೀರಿ," ಎಂದ.

"ಪಾಠ ಹೇಳಿ ಡಾಕ್ಟ್ರೇ. ಮೂರನೇ ಕ್ಲಾಸಿನವನಿಗೆ ಹೇಳಿದ ಹಾಗೆ ಹೇಳಿ."

ಥೆಸ್ಸಿನ್ ಪ್ಲೇಟನ್ನು ಅಳತೆಯ ಮೇಜಿನ ಮೇಲಿಟ್ಟು ಕೆಳಗಿನಿಂದ ದೀಪ ಹೊತ್ತಿಸಿದ. ಗಾಜಿನ ಮೇಲೆ ಒಂದರ ಕೆಳಗೊಂದು ಮೂರು ಕಪ್ಪು ಪಟ್ಟಿಗಳು. ಪ್ರತಿಯೊಂದರಲ್ಲೂ ಒಂದು ಬಿಳಿ ಗೆರೆ.

"ಇವು ಸೀಸಿಯಂ ಗೆರೆಗಳು. ಸೀಸಿಯಂ ಆವಿಯ ಮೂಲಕ ಬೆಳಕು ಬಿಟ್ಟರೆ, ಅದು ತನಗೆ ಬೇಕಾದ ಬಣ್ಣವನ್ನ ನುಂಗತ್ತೆ. ಮೊದಲ ಪಟ್ಟಿ ನೋಡಿ. ಸಂಜೆ ಐದರಿಂದ ಆರು. ಕೊಳವೆಯಲ್ಲಿ ಬೇರೆ ಗ್ಯಾಸ್ ಇಲ್ಲ. ಗೆರೆ ಕೂದಲೆಳೆ ಹಾಗಿದೆ."

"ಎರಡನೇದು?"

"ಆರೂಕಾಲರಿಂದ ಏಳೂಕಾಲು. ಆರ್ಗಾನ್, ಒತ್ತಡ ನಾಲ್ಕು, ಅಂದರೆ ಹೊರಗಿನ ಗಾಳಿಯ ನಾಲ್ಕು ಪಟ್ಟು. ಈಗ ಸೀಸಿಯಂ ಒಂಟಿಯಲ್ಲ. ಸುತ್ತ ಆರ್ಗಾನ್ ನುಗ್ಗಿ ಒತ್ತರಿಸ್ತಾ ಇದೆ. ಗೆರೆ ದಪ್ಪಗಾಯಿತು. ಇದ್ದ ಜಾಗ ಬಿಟ್ಟು ಕೆಂಪಿನ ಕಡೆ ಜರುಗಿತು. ಒತ್ತಡ ಹೆಚ್ಚಿಸಿದರೆ ಇನ್ನೂ ದಪ್ಪ, ಇನ್ನೂ ದೂರ."

"ಜಾತ್ರೆ ನೂಕಿನಲ್ಲಿ ಸಿಕ್ಕವನ ಹಾಗೆ."

"ಹಾಗೇ ಅಂದುಕೊಳ್ಳಿ. ಯಾವ ಕಡೆ ತಳ್ಳಿಸಿಕೊಳ್ತಾನೆ ಅನ್ನೋದು ಅವನ ಸುತ್ತ ಯಾರಿದ್ದಾರೆ ಅನ್ನೋದರ ಮೇಲೆ ಹೋಗತ್ತೆ. ಸಾಕಾ ಪಾಠ?"

"ಮೂರನೇ ಪಟ್ಟಿ ಉಳೀತಲ್ಲ."

ಎನ್ನೋನ ದಿನಚರಿಯಲ್ಲಿ ಮೂರನೆಯದಕ್ಕೆ ಬರೀ ಅಂಕಿಗಳಿದ್ದವು: ಒಂಬತ್ತೂವರೆಯಿಂದ ಹತ್ತೂವರೆ, ಆರ್ಗಾನ್, ಆರು. ಆ ಸಾಲಿನಿಂದಲೇ ವರದಿ ಹುಟ್ಟಿತ್ತು. ಹತ್ತೂವರೆಯವರೆಗೆ ಹುಡುಗ ಬದುಕಿದ್ದ, ಕೆಲಸ ಮಾಡಿದ್ದ. ಆ ಹೊತ್ತಿನಲ್ಲಿ ಶಾಲೆಯ ಉಳಿದವರೆಲ್ಲರೂ ಬೇರೆ ಕಡೆ ಸಾಕ್ಷಿಗಳ ಕಣ್ಣೆದುರಿಗಿದ್ದರು. ಥೆಸ್ಸಿನ್ ಎಂಟೂವರೆಯಿಂದ ಹಾಡಿನ ಅಭ್ಯಾಸದಲ್ಲಿದ್ದ. ಹಾಗಾದರೆ ನಲ್ಲಿ ತೆರೆದವನು ಎನ್ನೋ ಅಲ್ಲದೆ ಮತ್ತಾರು?

ಥೆಸ್ಸಿನ್ ಮೂರನೆಯ ಪಟ್ಟಿಯ ಮೇಲೆ ಕಣ್ಣಿಟ್ಟ.

"ಪ್ಲೇಟನ್ನ ತಿರುವಿ ಹಾಕಿದ್ದೀರಿ," ಎಂದ.

"ಹೌದಾ?"

ಅವನು ಪ್ಲೇಟಿನ ಅಂಚಿನಲ್ಲಿದ್ದ ಕಬ್ಬಿಣದ ಗೆರೆಗಳನ್ನು ನೋಡಿದ. ಅಳತೆಗೆಂದು ಪ್ರತಿ ಪ್ಲೇಟಿನ ಮೇಲೂ ಅವನ್ನು ಮೂಡಿಸುತ್ತಾರೆ. ರಸ್ತೆಯ ಮೈಲಿಗಲ್ಲುಗಳ ಹಾಗೆ ಅವು ಜರುಗುವುದಿಲ್ಲ. ಎಲ್ಲವೂ ಇರಬೇಕಾದ ಕ್ರಮದಲ್ಲೇ ಇದ್ದವು.

"ಇಲ್ಲ," ಎಂದ ಮೆಲ್ಲಗೆ. "ಸರಿಯಾಗಿಯೇ ಇದೆ. ಗೆರೆ ನೇರಳೆಯ ಕಡೆ ಹೋಗಿದೆ."

"ಅಂದರೆ?"

"ಆರ್ಗಾನ್ ಹೀಗೆ ಮಾಡೋದಿಲ್ಲ. ಸತ್ತರೂ ಮಾಡೋದಿಲ್ಲ. ಇದು ಹೀಲಿಯಂ." ನಂತರ ಅವಸರದಿಂದ, "ಸಿಲಿಂಡರು ತಪ್ಪಿದೆ, ಅಷ್ಟೇ. ಕೆಂಪು ದೀಪದಲ್ಲಿ ನೀಲಿ, ಹಸಿರು ಎರಡೂ ಕಪ್ಪಾಗಿಯೇ ಕಾಣ್ತವೆ. ಸಾಯಬೇಕು ಅಂತ ಕೂತವನ ಗಮನ ಎಲ್ಲಿರತ್ತೆ?"

"ಬನ್ನಿ, ಕೆಳಗೆ ಹೋಗೋಣ."

ನೆಲಮಾಳಿಗೆಯ ಆ ಕೋಣೆಯೇ ಒಂದು ದೊಡ್ಡ ಕ್ಯಾಮೆರಾ. ಪ್ಲೇಟು ತೆರೆದೇ ಇರುವುದರಿಂದ ಅಲ್ಲಿ ಬಿಳಿ ಬೆಳಕು ಹೊತ್ತಿಸುವಂತಿಲ್ಲ. ಡ್ರೆವ್ಸ್ ದಾರಗಳನ್ನು ಮತ್ತೆ ಅವವುಗಳ ಕುತ್ತಿಗೆಗೆ ಕಟ್ಟಿ, ಬಾಗಿಲು ಮುಚ್ಚಿ, ಕೆಂಪು ದೀಪ ಹಾಕಿದರು.

"ಆರ್ಗಾನ್ ಯಾವುದು ಡಾಕ್ಟ್ರೇ? ತೋರಿಸಿ."

ಥೆಸ್ಸಿನ್ ಬಗ್ಗಿ ನೋಡಿದ. ಕಣ್ಣು ಕಿರಿದು ಮಾಡಿದ. "ಹೇಳಿದೆನಲ್ಲ. ಎರಡೂ ಕಪ್ಪು."

"ದೀಪ ಆರಿಸಿ."

ಗಾಢ ಕತ್ತಲಾಯಿತು. ಡ್ರೆವ್ಸರ ಒರಟು ಬೆರಳು ಮೊದಲ ದಾರ ಮುಟ್ಟಿತು, ಎರಡನೆಯದನ್ನು ಮುಟ್ಟಿತು.

"ಇದು ಆರ್ಗಾನ್. ಎರಡು ಗಂಟು. ಅವನ ತಾಯಿ ಕಲಿಸಿದ್ದು. ಅವನು ಬಣ್ಣ ನೋಡ್ತಾನೇ ಇರಲಿಲ್ಲ ಡಾಕ್ಟ್ರೇ. ಮನಸ್ಸು ಎಲ್ಲಿದ್ದರೂ ಬಲೆಯವರ ಬೆರಳು ತಪ್ಪೋದಿಲ್ಲ. ಮೂರನೇ ಪಟ್ಟಿ ಮಾಡಿದವನು ಗಂಟು ಗೊತ್ತಿಲ್ಲದವನು. ಹತ್ತೂವರೆಯವರೆಗೆ ಹುಡುಗ ಬದುಕಿದ್ದ ಅನ್ನೋದೂ ಹೋಯಿತು."

ಕತ್ತಲಲ್ಲಿ ಥೆಸ್ಸಿನ್‌ನ ಕೈ ದಾರಗಳನ್ನು ತಡಕಿ ಗಂಟು ಮುಟ್ಟಿತು.

"ನನಗೆ ಗೊತ್ತಿರಲಿಲ್ಲ," ಎಂದ.

"ಅದನ್ನೇ ನಾನೂ ನೋಡಿದೆ."

ದೀಪ ಹೊತ್ತಿತು. ಥೆಸ್ಸಿನ್‌ನ ಮುಖ ಸುಣ್ಣದ ಹಾಗಾಗಿತ್ತು.

"ನನ್ನ ಮೇಲೆ ಅನುಮಾನವಾ? ಕಾರಣ ಬೇಕಲ್ಲ ಅದಕ್ಕೆ."

"ನೀವೇ ಹೇಳಿ. ಅವನ ಕೆಲಸದಲ್ಲಿ ಯಾರಿಗೆ ಏನು ಚುಚ್ಚುತ್ತಿತ್ತು?"

"ಅವನ ಆರ್ಗಾನ್ ಅಂಕಿಗಳು ನಮ್ಮ ಪುಸ್ತಕದ ಅಂಕಿಗಳಿಗೆ ಹೊಂದುತ್ತಿರಲಿಲ್ಲ. ಆರು ವರ್ಷದ ಹಿಂದಿನ ಕೋಷ್ಟಕ. ಪ್ರಪಂಚವೆಲ್ಲ ಅದನ್ನೇ ನಂಬತ್ತೆ. ಆಗ ಅಳೆದದ್ದು ಶುದ್ಧ ಆರ್ಗಾನ್ ಅಲ್ಲ, ಅದರಲ್ಲಿ ಹೀಲಿಯಂ ಬೆರೆತಿತ್ತು ಅಂತ ಅವನ ವಾದ. ನಾನು ಗದರಿಸಿ ಕಳಿಸಿದ್ದೆ."

"ಆ ಕೋಷ್ಟಕ ಯಾರದ್ದು?"

"ನಮ್ಮ ಮುಖ್ಯಸ್ಥರದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರೂ ಇದೆ."

ಡ್ರೆವ್ಸ್ ಜೇಬಿನಿಂದ ಕಾಗದ ತೆಗೆದರು. "ಇದರ ಜವಾಬು ನಾಳೆ ಕೇಳ್ತೀನಿ. ಈಗ ಇಷ್ಟಕ್ಕೆ ಸಹಿ ಹಾಕಿ. ಮೂರನೇ ಪಟ್ಟಿ ಹೀಲಿಯಂನದು ಅಂತ. ಮಿಕ್ಕದ್ದನ್ನ ನಾನು ಬರೀತೀನಿ."

"ಅಳೆಯದೆ ಸಹಿ ಹಾಕೋದಿಲ್ಲ."

"ಕಣ್ಣಿಗೇ ಕಾಣ್ತಿದೆ ಅಂದಿರಲ್ಲ!"

"ಕಣ್ಣಿಗೆ ಕಂಡದ್ದಕ್ಕೆ ಈ ಮನೆಯಲ್ಲಿ ಯಾರೂ ಸಹಿ ಹಾಕಿಲ್ಲ ಕಮಿಸಾರರೇ. ಎನ್ನೋನೂ ಹಾಕ್ತಿರಲಿಲ್ಲ."

ಮತ್ತೆ ಮೇಲೆ ಹೋಗಿ ಅವನು ಅಳತೆಯ ಮೇಜಿನ ಸೂಕ್ಷ್ಮದರ್ಶಕದ ಮುಂದೆ ಕೂತ. ತಿರುಪನ್ನು ಎಡದಿಂದ ಬಲಕ್ಕೆ ತಿರುಗಿಸಿ ಓದಿದ, ಬಲದಿಂದ ಎಡಕ್ಕೆ ಓದಿದ. ಪ್ರತಿ ಗೆರೆಗೆ ಐದು ಸಲ. ಒಂದೊಂದನ್ನೂ ಬರೆದುಕೊಂಡ. ಡ್ರೆವ್ಸ್ ಗೋಡೆಯ ಗಡಿಯಾರ ನೋಡುತ್ತ ನಿಂತರು. ಒಂಬತ್ತು. ಒಂಬತ್ತೂಕಾಲು. ಒಂಬತ್ತೂಮುಕ್ಕಾಲು. ಬೇಕೆಂದೇ ತಡ ಮಾಡುತ್ತಿದ್ದಾನೆಯೇ? ಆದರೆ ಅವನು ಬರೆದ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿದ್ದವು. ತನ್ನ ಕೊರಳಿಗೇ ಬರಬಹುದಾದ ಲೆಕ್ಕವನ್ನು ಇಷ್ಟು ಪ್ರಾಮಾಣಿಕವಾಗಿ ಮಾಡುವವನನ್ನು ಡ್ರೆವ್ಸ್ ಹಿಂದೆ ಕಂಡಿರಲಿಲ್ಲ.

ಹತ್ತಕ್ಕೆ ಚರ್ಚಿನ ಗಂಟೆಗಳೆಲ್ಲ ಒಟ್ಟಿಗೆ ಮೊಳಗಿ ನಿಂತವು. ಹತ್ತೂ ಹತ್ತಕ್ಕೆ ಥೆಸ್ಸಿನ್ ಲೇಖನಿ ಎತ್ತಿದ.

"ಹೀಲಿಯಂ. ಒತ್ತಡ ಆರು," ಎಂದು ಸಹಿ ಮಾಡಿದ. ನಂತರ ತಲೆ ಎತ್ತದೆ, "ಆತ್ಮಹತ್ಯೆ ಅಂದಾಗಲೇ ನಾನು ಈ ಪ್ಲೇಟು ತೊಳೆಸಬೇಕಿತ್ತು. ಸತ್ತವನ ಪ್ಲೇಟು ಯಾರು ನೋಡ್ತಾರೆ ಅಂತ ಬಿಟ್ಟೆ," ಎಂದ.

ಇಬ್ಬರೂ ಓಡಿದರು. ಥೆಸ್ಸಿನ್ ಹಾಡುವವರ ಅಟ್ಟಕ್ಕೆ ಅಡ್ಡ ಓಣಿಯಿಂದ ಮುಂದೆ ಹೋದ. ಡ್ರೆವ್ಸರ ಬಲಮೊಣಕಾಲು ಮಾತು ಕೇಳುತ್ತಿರಲಿಲ್ಲ. ಸಮುದ್ರದ ಕಡೆಯಿಂದ ಹಿಮ ಬೆರೆತ ಮಳೆ ಮುಖಕ್ಕೆ ಹೊಡೆಯುತ್ತಿತ್ತು.

ಗೋಪುರದ ದೊಡ್ಡ ಗಂಟೆ ಒಮ್ಮೆ ಬಾರಿಸಿತು. ಮೊದಲ ಹೆಸರು.

ಒಂದು ಹೆಸರಿಗೆ ಒಂದು ಪೆಟ್ಟು. ನಡುವೆ ಒಬ್ಬರು ಎದ್ದು ಬಂದು ಮೇಣದ ಬತ್ತಿ ಹಚ್ಚುವಷ್ಟು ಹೊತ್ತು. ಡ್ರೆವ್ಸ್ ಎಣಿಸುತ್ತ ನಡೆದರು. ಮೀನು ಪೇಟೆಯ ಹತ್ತಿರ ನಾಲ್ಕು. ಉಪ್ಪಿನ ಗೋದಾಮಿನ ಹತ್ತಿರ ಏಳು. ಸೇತುವೆಯ ಮೇಲೆ ಕಾಲಿಟ್ಟಾಗ ಎಂಟು.

ಸೇತುವೆಯ ನಡುವೆ ಇದ್ದಾಗ ಒಂಬತ್ತನೆಯ ಪೆಟ್ಟು ಬಿತ್ತು.

ಅವರು ನಿಂತರು. ಹ್ಯಾಟು ತೆಗೆದರು. ಕೆಳಗೆ ನೀರು ಕಪ್ಪಗೆ ಹರಿಯುತ್ತಿತ್ತು. ಮೂವತ್ತಾರು ವರ್ಷ ಒಂದೇ ಮೇಜಿನಲ್ಲಿ ಉಂಡವಳ ಹೆಸರನ್ನು ಅಲ್ಲಿ ಕೂಗುತ್ತಿದ್ದಾರೆ, ಎದ್ದು ನಿಲ್ಲಲು ಯಾರೂ ಇಲ್ಲ. ಕರ್ತನೇ, ಅವಳಿಗೆ ನೀನೇ ಹೇಳು, ಎಂದರು. ಒಂದು ಉಸಿರಿನಷ್ಟು ಹೊತ್ತು. ಮತ್ತೆ ಹ್ಯಾಟು ಹಾಕಿಕೊಂಡು ಕುಂಟುತ್ತ ನಡೆದರು.

ಚರ್ಚಿನೊಳಗೆ ಬಂದಾಗ ಇಪ್ಪತ್ತೆಂಟನೆಯ ಹೆಸರು ಓದುತ್ತಿದ್ದರು. ಜನ ತಿರುಗಿ ನೋಡಿದರು. ಒದ್ದೆ ಬೂಟಿನ ಸದ್ದು ಮಾಡುತ್ತ ಡ್ರೆವ್ಸ್ ನಡುದಾರಿಯಲ್ಲಿ ನೇರವಾಗಿ ಹೋಗಿ ಪಾದ್ರಿಯ ಕೈಗೆ ಕಾಗದ ಕೊಟ್ಟರು. ಪಾದ್ರಿ ಎರಡು ಸಲ ಓದಿದರು. ಎದ್ದು ಹೋಗಿ ಅದನ್ನು ಓಸ್ಟರ್‌ಲೋ ಅವರ ಮುಂದಿಟ್ಟರು.

ಓಸ್ಟರ್‌ಲೋ ಎತ್ತರದ ಮನುಷ್ಯ, ಬಿಳಿ ಗಡ್ಡ. ಕಾಗದ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಉಳಿದ ಮೂರು ಹೆಸರು ಓದಿ ಮುಗಿಸಿದರು. ಮೂವತ್ತೊಂದಾಯಿತು. ಪಟ್ಟಿ ಮಡಿಸಲಿಲ್ಲ.

"ಎನ್ನೋ ಗ್ರಾಂಬೋವ್," ಎಂದರು. ಧ್ವನಿ ಸ್ಪಷ್ಟವಾಗಿತ್ತು. "ವಯಸ್ಸು ಇಪ್ಪತ್ತಾರು."

ಗಂಟೆ ಬಾರಿಸಿತು.

ಕಂಬದ ಪಕ್ಕದಿಂದ ದೋರ್ತೆ ಎದ್ದರು. ಯಾರ ಮುಖವನ್ನೂ ನೋಡದೆ ಬತ್ತಿಗಳ ಮೇಜಿನವರೆಗೆ ನಡೆದು ಮಗನ ದೀಪ ಹಚ್ಚಿದರು. ಮೇಲಿನ ಅಟ್ಟದಲ್ಲಿ ಹಾಡು ಎದ್ದಿತು.

ಡ್ರೆವ್ಸ್ ಮೇಜಿನ ಹತ್ತಿರ ಹೋದರು. ಅವರ ಕಣ್ಣು ಒಂಬತ್ತನೆಯ ಬತ್ತಿಯನ್ನು ಹುಡುಕಿತು. ಅದು ಉರಿಯುತ್ತಿತ್ತು.

"ಯಾರೂ ಏಳಲಿಲ್ಲ," ಎಂದರು ದೋರ್ತೆ ತಗ್ಗಿದ ದನಿಯಲ್ಲಿ. "ನೀವು ನನ್ನ ಕೆಲಸಕ್ಕೇ ಹೋಗಿದ್ದೀರಿ ಅಂತ ಗೊತ್ತಿತ್ತು. ನಾನೇ ಎದ್ದೆ. ಅವರ ಮನೆ ಕಡೆಯವಳು ಅಂತಲೇ ಅಂದುಕೊಳ್ಳಿ."

ಡ್ರೆವ್ಸ್ ತಲೆ ಬಾಗಿಸಿದರು. ಮೇಲೆ ಹಾಡುವವರ ನಡುವೆ ಥೆಸ್ಸಿನ್‌ನ ಬಿಳಿಚಿದ ಮುಖ ಕಾಣುತ್ತಿತ್ತು. ಗಂಟು ಗೊತ್ತಿಲ್ಲದವನು. ನಾಳೆ ಬೆಳಿಗ್ಗೆ ಎಂಟಕ್ಕೆ ಕರೆಸಬೇಕು.

ಅಷ್ಟರಲ್ಲಿ ಕಡೆಯ ಸಾಲಿನಿಂದ ಇನ್ನೊಬ್ಬರು ಎದ್ದರು. ಮನೆಯವರಲ್ಲದವರು ಏಳುವ ಪದ್ಧತಿ ಇಲ್ಲ. ಮೇಸ್ತ್ರಿ ಪಾಗೆಲ್ ಟೋಪಿಯನ್ನು ಎದೆಗೆ ಒತ್ತಿಕೊಂಡು, ದಾರಿಯುದ್ದಕ್ಕೂ ನೆಲ ನೋಡುತ್ತ ಬಂದು ಎನ್ನೋನ ದೀಪದ ಮುಂದೆ ನಿಂತ.

"ಅಟ್ಟ ಹತ್ತುವಾಗ ಡಾಕ್ಟ್ರು ಹೇಳಿದರು. ಗಂಟು ಗೊತ್ತಿಲ್ಲದವನು ಮಾಡಿದ ತಪ್ಪು ಅಂತ ಬರೆದಿದ್ದೀರಾ ಕಮಿಸಾರರೇ?"

"ಹೌದು."

"ಅಳಿಸಿಬಿಡಿ. ನನಗೆ ಗಂಟು ಗೊತ್ತಿತ್ತು. ಎನ್ನೋನೇ ತೋರಿಸಿದ್ದ." ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಕೊಳವೆಗೆ ಆರ್ಗಾನ್ ತುಂಬು ಅಂದರು. ಬೆರಳು ಎರಡು ಗಂಟನ್ನ ಮುಟ್ಟಿತು. ಬಿಟ್ಟು ಒಂದು ಗಂಟಿನದಕ್ಕೆ ಹೋಯಿತು. ಬೇಕಂತಲೇ. ಗಡಿಯಾರದಲ್ಲಿ ಏಳೂಮುಕ್ಕಾಲು, ಎನ್ನೋನ ದಿನಚರಿಯಲ್ಲಿ ಒಂಬತ್ತೂವರೆ ಅಂತ ಬರಿ ಅಂದರು. ಬರೆದೆ. ಮೂವತ್ತೊಂದು ವರ್ಷ ಅನ್ನ ಹಾಕಿದವರು. ನಾಲಿಗೆಗೆ ಧೈರ್ಯ ಬರಲಿಲ್ಲ ಸ್ವಾಮಿ, ಕೈಗೆ ಬಂತು. ಯಾರಾದರೂ ಒಂದು ದಿನ ಓದಲಿ ಅಂತ."

"ಯಾರು ಹೇಳಿದರು ನಿಮಗೆ?"

ಪಾಗೆಲ್ ಬೆರಳು ತೋರಿಸಲಿಲ್ಲ.

"ಈಗ ತಾನೇ ಇವನ ಹೆಸರು ಓದಿದರಲ್ಲ," ಎಂದ, "ಅವರು."

ಪೀಠದ ಬಳಿ ಓಸ್ಟರ್‌ಲೋ ಹಾಡಿನ ಪುಸ್ತಕ ಹಿಡಿದು ಎಲ್ಲರ ಜೊತೆ ಹಾಡುತ್ತಿದ್ದರು. ಒಂಬತ್ತರಿಂದ ಹನ್ನೊಂದು, ಪಾದ್ರಿಯ ಮನೆ. ಮಾತಿಗೆ ಮಾತು ಹೊಂದುವ ಸಾಕ್ಷಿ. ಇದರೆದುರಿಗೆ ಇರುವುದು ಒಬ್ಬ ಮೇಸ್ತ್ರಿಯ ಬಾಯಿಮಾತು, ಒಂದು ಗಾಜಿನ ಮೇಲಿನ ಗೆರೆ.

"ಏಳೂಮುಕ್ಕಾಲಿಗೆ ಎನ್ನೋ ಎಲ್ಲಿದ್ದ?" ಎಂದರು ಡ್ರೆವ್ಸ್.

"ಬೆಂಚಿನ ಮೇಲೆ ಮಲಗಿದ್ದ. ತಲೆ ಸುತ್ತಿ ಬಿದ್ದ, ಸುಧಾರಿಸಿಕೊಳ್ತಿದ್ದಾನೆ, ಎಬ್ಬಿಸಬೇಡ ಅಂದರು. ನಾನು ಮನೆಗೆ ಹೊರಟಾಗ ಅವರು ಅವನ ತಲೆಯ ಹತ್ತಿರ ಕೂತಿದ್ದರು."

ಹಾಡು ಮುಂದಿನ ಚರಣಕ್ಕೆ ಹೋಯಿತು. ದೋರ್ತೆ ಇಬ್ಬರ ನಡುವೆ ಬಂದು ನಿಂತಿದ್ದನ್ನು ಡ್ರೆವ್ಸ್ ಆಗ ನೋಡಿದರು. ಆಕೆ ಪಾಗೆಲ್‌ನ ಕೋಟಿನ ತೋಳು ಹಿಡಿದುಕೊಂಡಿದ್ದರು, ಬಿದ್ದುಹೋಗುವವರ ಹಾಗಲ್ಲ, ಬಲೆಯ ಹಗ್ಗ ಹಿಡಿದವರ ಹಾಗೆ.

"ನೀನು ಆ ಬಾಗಿಲು ಎಳೆದುಕೊಂಡು ಹೊರಟಾಗ," ಎಂದರು, "ನನ್ನ ಮಗ ಉಸಿರಾಡ್ತಿದ್ದನಾ ಯೋಖಿಮ್?"